ಮಣ್ಣಿನ ಹುಲಿಯಿಂದ ಪ್ಲಾಸ್ಟಿಕ್ ಹುಲಿಗಳು: ಕರಾವಳಿಯ ಹವೆಯಲ್ಲಿ ಅಚ್ಚು ಮತ್ತು ಎರಕ

ಕಳೆದ ಮಳೆಗಾಲದಲ್ಲಿ ನನ್ನ ಮಣ್ಣಿನ ಹುಲಿವೇಷಧಾರಿಯ ಬಾಲ ಯಾರೂ ಮುಟ್ಟದೆಯೇ ಬಿದ್ದುಹೋಯಿತು. ಏಳು ಸೆಂಟಿಮೀಟರ್ ಎತ್ತರದ ಗೊಂಬೆ ಅದು. ಮೊಣಕಾಲು ಬಗ್ಗಿಸಿ, ಒಂದು ಕೈ ಮುಂದೆ ಚಾಚಿ, ತಾಸೆ ವಾದ್ಯದ ಮುಂದಿನ ಬಡಿತಕ್ಕೆ ಕಾದು ನಿಂತ ಭಂಗಿ. ಸುಡದ ಜೇಡಿಮಣ್ಣಿನ ಗೊಂಬೆಯನ್ನು ಉಡುಪಿಯ ಜುಲೈ ತಿಂಗಳಲ್ಲಿ ಕಿಟಕಿಯ ಪಕ್ಕ ಇಟ್ಟರೆ ಮೊದಲು ಬೂಸ್ಟು ಹಿಡಿಯುತ್ತದೆ, ಆಮೇಲೆ ತೆಳ್ಳಗಿರುವ ಭಾಗಗಳು ಒಂದೊಂದಾಗಿ ಕಳಚುತ್ತವೆ. ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಯಂದು, ರಥಬೀದಿಯಲ್ಲಿ ಮೆರವಣಿಗೆ ಹೋಗುವ ಮಣ್ಣಿನ ಕೃಷ್ಣ ಅಂದೇ ಮಧ್ವ ಸರೋವರ ಸೇರುತ್ತಾನೆ. ಅವನು ಕರಗಲೆಂದೇ ಆದವನು. ನನ್ನ ಹುಲಿ ಹಾಗಲ್ಲ. ಅದು ಉಳಿಯಬೇಕಿತ್ತು, ಒಂದಲ್ಲ ಹನ್ನೆರಡು ಬೇಕಿತ್ತು. ಹಾಗಾಗಿ ಬಾಲ ಅಂಟಿಸಿ, ಸಿಲಿಕೋನ್ ರಬ್ಬರಿನಲ್ಲಿ ಎರಡು ಹೋಳಿನ ಅಚ್ಚು ತೆಗೆದು, ಅದಕ್ಕೆ ಪ್ಲಾಸ್ಟಿಕ್ ರೆಸಿನ್, ಅಂದರೆ ಬೆರೆಸಿದ ಮೇಲೆ ಗಟ್ಟಿಯಾಗುವ ದ್ರವ, ಎರೆದೆ. ಎರಡು ಸಲ ಕೆಟ್ಟಿತು, ಮೂರನೆಯ ಸಲ ಸರಿಯಾಯಿತು.

ಕೆಟ್ಟದ್ದು ಕೈಚಳಕ ಸಾಲದೆ ಅಲ್ಲ. ಈ ಕೆಲಸಕ್ಕೆ ಸಿಗುವ ಸೂಚನೆಗಳಲ್ಲಿ ಹೆಚ್ಚಿನವು ಒಣ ಹವೆಯ ಊರಿನವರು ಬರೆದವು. ನಮ್ಮಲ್ಲಿ ಮಣ್ಣಿನಲ್ಲಿ ನೀರು, ಗಾಳಿಯಲ್ಲಿ ನೀರು, ಕಲಕುವ ಕಡ್ಡಿಯಲ್ಲೂ ನೀರು. ಆ ನೀರು ಎಲ್ಲಿ ಒಳ್ಳೆಯದು, ಎಲ್ಲಿ ಕೆಟ್ಟದ್ದು ಎಂಬುದು ತಿಳಿದರೆ ಕೆಲಸ ಅರ್ಧ ಮುಗಿದಂತೆ.

ಮಣ್ಣು ಮತ್ತು ಸಿಲಿಕೋನ್ ಹೊಂದಬೇಕು

ಗೊಂಬೆಯನ್ನು ಎರಡು ಬಗೆಯ ಮಣ್ಣಿನಲ್ಲಿ ಮಾಡಬಹುದು. ಒಂದು ಕುಂಬಾರರ ಜೇಡಿಮಣ್ಣು, ಇನ್ನೊಂದು ಎಣ್ಣೆ ಬೆರೆಸಿದ, ಎಂದೂ ಒಣಗದ ಪ್ಲಾಸ್ಟಿಸಿನ್. ಜೇಡಿಮಣ್ಣಿನಲ್ಲಿ ಉಗುರು, ಮೀಸೆಯಂಥ ಸೂಕ್ಷ್ಮಗಳು ಚೆನ್ನಾಗಿ ಬರುತ್ತವೆ, ಆದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಅಚ್ಚು ತೆಗೆಯಲು ಅದು ಪೂರ್ತಿ ಒಣಗಬೇಕಿಲ್ಲ. ಮುಟ್ಟಿದರೆ ತಂಪೆನಿಸಬೇಕು, ಉಗುರು ಊರಿದರೆ ಗೆರೆ ಮೂಡಬೇಕು, ಆದರೆ ಬೆರಳಚ್ಚು ಮೂಡಬಾರದು. ಹೊಸ ಚರ್ಮದ ಚಪ್ಪಲಿಯಷ್ಟು ಗಟ್ಟಿ ಎಂದಿಟ್ಟುಕೊಳ್ಳಿ. ಆ ಹೊತ್ತಿಗೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ತೆಳು ಫ್ರೆಂಚ್ ಪಾಲಿಶನ್ನು ಮೃದುವಾದ ಕುಂಚದಲ್ಲಿ ಎರಡು ಸಲ ಬಳಿಯಿರಿ. ಬಡಗಿಗಳ ಬಳಿ ಇದು ಸದಾ ಇರುತ್ತದೆ. ದಪ್ಪ ಬಳಿದರೆ ಹುಲಿಯ ಪಟ್ಟೆಗಳು ತುಂಬಿಹೋಗುತ್ತವೆ.

ಸಿಲಿಕೋನ್ ರಬ್ಬರಿನಲ್ಲೂ ಎರಡು ಜಾತಿ. ಒಂದು ತವರದ ವೇಗವರ್ಧಕದಿಂದ ಗಟ್ಟಿಯಾಗುವುದು, ಇನ್ನೊಂದು ಪ್ಲಾಟಿನಂನಿಂದ ಗಟ್ಟಿಯಾಗುವುದು. ಪ್ಲಾಟಿನಂ ಸಿಲಿಕೋನ್ ದುಬಾರಿ, ಹೆಚ್ಚು ಬಾಳುತ್ತದೆ, ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದಕ್ಕೆ ಮಡಿ ಹೆಚ್ಚು. ಗಂಧಕ ತಾಗಿದರೆ ಸಾಕು, ಗಟ್ಟಿಯಾಗುವುದನ್ನೇ ಮರೆತುಬಿಡುತ್ತದೆ. ಹಲವು ಬಗೆಯ ಪ್ಲಾಸ್ಟಿಸಿನ್‌ನಲ್ಲಿ ಗಂಧಕವಿದೆ, ಲೇಟೆಕ್ಸ್ ಕೈಗವಸಿನಲ್ಲೂ ಇದೆ. ನನ್ನ ಮೊದಲ ಅಚ್ಚು ಹಾಳಾದದ್ದು ಹೀಗೆಯೇ. ಮಾರನೆಯ ದಿನ ಪೆಟ್ಟಿಗೆ ಬಿಚ್ಚಿದಾಗ ಹೊರಗೆ ಗಟ್ಟಿ ರಬ್ಬರು, ಒಳಗೆ ಗೊಂಬೆಗೆ ತಾಗಿದ ಕಡೆಯೆಲ್ಲ ಹಲಸಿನ ಹಣ್ಣಿನ ಮೇಣದಂಥ ಅಂಟು. ಮೂರು ದಿನ ಕಾದೆ. ಅಂಟು ಅಂಟಾಗಿಯೇ ಉಳಿಯಿತು.

ಮೊದಲ ಸಲ ಮಾಡುವವರು ತವರದ ಸಿಲಿಕೋನನ್ನೇ ತೆಗೆದುಕೊಳ್ಳಿ. ಅದು ಗಂಧಕಕ್ಕೆ ಹೆದರುವುದಿಲ್ಲ. ಕಾಲ ಕಳೆದಂತೆ ಶೇಕಡಾ ಒಂದರಷ್ಟು ಕುಗ್ಗುತ್ತದೆ, ಕೆಲವು ವರ್ಷಗಳಲ್ಲಿ ಪೆಡಸಾಗಿ ಹರಿಯುತ್ತದೆ. ಏಳು ಸೆಂಟಿಮೀಟರಿನ ಹುಲಿಗೆ ಅದು ಲೆಕ್ಕಕ್ಕಿಲ್ಲ. ಇನ್ನೊಂದು ತಮಾಷೆ ಇದೆ. ತವರದ ಸಿಲಿಕೋನ್ ಗಟ್ಟಿಯಾಗಲು ಸ್ವಲ್ಪ ತೇವ ಬೇಕೇ ಬೇಕು. ಹಾಗಾಗಿ ನಮ್ಮ ಹವೆ ಅದಕ್ಕೆ ಹೇಳಿಮಾಡಿಸಿದಂತಿದೆ. ಎಷ್ಟೆಂದರೆ, ಡಬ್ಬಿಯ ಮೇಲೆ ಬರೆದ ಸಮಯಕ್ಕಿಂತ ಬೇಗನೆ ಅದು ಕೈಯಲ್ಲೇ ಗಟ್ಟಿಯಾಗತೊಡಗುತ್ತದೆ.

ಹಂಚಿನಿಂದ ಒಂದು ಪಾಠ

ಅಚ್ಚು ಎಲ್ಲಿ ಎರಡಾಗಬೇಕೆಂದು ನಿರ್ಧರಿಸುವ ಮುನ್ನ ಒಂದು ಮಂಗಳೂರು ಹಂಚನ್ನು ಕೈಗೆತ್ತಿಕೊಳ್ಳಿ. ಹಿತ್ತಲಲ್ಲಿ ಒಂದಾದರೂ ಇದ್ದೇ ಇರುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಈ ಹಂಚು ಎರಡು ಗಟ್ಟಿ ಅಚ್ಚುಗಳ ನಡುವೆ ಒತ್ತಿದ ಮಣ್ಣೇ. ಅದರ ಏರು ತಗ್ಗುಗಳ ಮೇಲೆ ಬೆರಳಾಡಿಸಿ ನೋಡಿ. ಎಲ್ಲ ಅಂಚುಗಳೂ ಹೊರಕ್ಕೆ ಓರೆ. ಒಳಕ್ಕೆ ಕೊಕ್ಕೆಯಂತೆ ತಿರುಗಿದ ಜಾಗ ಒಂದೂ ಇಲ್ಲ. ಇದ್ದಿದ್ದರೆ ಬಗ್ಗದ ಅಚ್ಚಿನಿಂದ ಹಸಿ ಹಂಚು ಹರಿಯದೆ ಹೊರಬರುತ್ತಿರಲಿಲ್ಲ.

ಹುಲಿಯ ಮೈಯಲ್ಲಿ ಅಂಥ ಕೊಕ್ಕೆಗಳೇ ತುಂಬಿವೆ. ತೆರೆದ ಬಾಯಿ, ಕಂಕುಳು, ಬಗ್ಗಿದ ಮೊಣಕಾಲಿನ ಹಿಂಭಾಗ, ಸುರುಳಿ ಬಾಲ. ಸಿಲಿಕೋನ್ ಹಿಗ್ಗುತ್ತದೆ, ಹಾಗಾಗಿ ಸಣ್ಣ ಕೊಕ್ಕೆಗಳನ್ನು ಸಹಿಸಿಕೊಳ್ಳುತ್ತದೆ. ಬಾಯಿಯ ಒಳಭಾಗ ತೊಂದರೆ ಕೊಡುವುದಿಲ್ಲ. ಆದರೆ ಬಾಲದ ತುದಿ ಬೆನ್ನಿಗೆ ತಾಗಿ ಉಂಗುರವಾಗಿದ್ದರೆ, ಆ ಉಂಗುರದೊಳಗಿನ ಸಿಲಿಕೋನ್ ಹೊರಬರುವಾಗ ಒಂದೋ ಅದೇ ಹರಿಯುತ್ತದೆ, ಇಲ್ಲವೇ ಬಾಲ ಮುರಿಯುತ್ತದೆ. ಬಾಲವನ್ನು ಬೆನ್ನಿನಿಂದ ಮೂರು ಮಿಲಿಮೀಟರ್ ಬಿಡಿಸಿಡಿ. ಅಥವಾ ಆ ಸಂದನ್ನು ಮಣ್ಣಿನಿಂದ ತುಂಬಿಬಿಡಿ. ಬಣ್ಣ ಬಳಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಎರಡು ಹೋಳು ಸೇರುವ ಗೆರೆ ಗೊಂಬೆಯ ಹೊರ ಅಂಚಿನಲ್ಲಿ ಸಾಗಬೇಕು. ಕತ್ತಲೆ ಕೋಣೆಯಲ್ಲಿ ಗೊಂಬೆಯನ್ನು ಮಲಗಿಸಿ, ನೇರ ಮೇಲಿನಿಂದ ಟಾರ್ಚ್ ಬಿಡಿ. ಬೆಳಕು ಮುಗಿದು ನೆರಳು ಶುರುವಾಗುವ ಗೆರೆಯೇ ನಿಮಗೆ ಬೇಕಾದದ್ದು. ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಮುಖದ ನಟ್ಟನಡುವೆ ಮಾತ್ರ ಆ ಗೆರೆ ಹಾಯದಂತೆ ನೋಡಿಕೊಳ್ಳಿ, ಆಮೇಲೆ ಮೂಗು ಉಜ್ಜುವುದು ಬೇಸರದ ಕೆಲಸ.

ಹಾಸಿಗೆ, ಬೀಗ, ಗಾಳಿದಾರಿ

ಪ್ಲಾಸ್ಟಿಸಿನ್‌ನ ದಪ್ಪ ಹಾಸಿಗೆ ಮಾಡಿ, ಗೊಂಬೆಯನ್ನು ಗುರುತಿನ ಗೆರೆಯವರೆಗೆ ಅದರಲ್ಲಿ ಹೂತಿಡಿ. ಹಾಸಿಗೆಯ ಮಣ್ಣು ಗೊಂಬೆಗೆ ಸೇರುವ ಕಡೆ ಸಂದು ಇರಬಾರದು, ದುಂಡಗೆ ಏರಿಯೂ ಇರಬಾರದು. ಗೋಡೆಗೆ ನೆಲ ಸೇರಿದಂತೆ ನೇರವಾಗಿರಬೇಕು. ಹಲ್ಲುಕಡ್ಡಿ ಹಿಡಿದು ಸುತ್ತಲೂ ಇದನ್ನು ಸರಿಮಾಡಲು ನನಗೆ ಒಂದು ಗಂಟೆ ಹಿಡಿಯಿತು. ಇಲ್ಲಿ ಉಳಿಸಿದ ಹತ್ತು ನಿಮಿಷಕ್ಕೆ ಪ್ರತಿ ಪ್ರತಿಯ ಮೇಲೂ ಅರ್ಧ ಗಂಟೆ ಅರದ ಕೆಲಸ ತೆರಬೇಕಾಗುತ್ತದೆ. ಎರಡು ಕಾಲುಗಳ ನಡುವಿನ ಖಾಲಿ ಜಾಗಕ್ಕೂ ಅದೇ ಮಟ್ಟದಲ್ಲಿ ಮಣ್ಣಿನ ಪರದೆ ಕಟ್ಟಿ.

ಆಮೇಲೆ ಹಾಸಿಗೆಯ ಮೇಲೆ ಅಲ್ಲಲ್ಲಿ ಗೋಲಿ ಒತ್ತಿ ಅರೆಗುಂಡಿಗಳನ್ನು ಮಾಡಿ, ನಾಲ್ಕೈದು ಸಾಕು. ಎರಡು ಹೋಳುಗಳು ಜಾರದಂತೆ ಹಿಡಿಯುವ ಬೀಗಗಳು ಇವೇ.

ಎರೆಯುವಾಗ ಹುಲಿ ತಲೆಕೆಳಗಾಗಿರುತ್ತದೆ. ಕಾಲಡಿಯ ಪೀಠವೇ ರೆಸಿನ್ ಹುಯ್ಯುವ ಬಾಯಿ. ಪೀಠ ಹೇಗೂ ಕಾಣುವುದಿಲ್ಲ, ಅಲ್ಲಿ ಕತ್ತರಿಸಿದ ಗುರುತು ಉಳಿದರೂ ಚಿಂತೆಯಿಲ್ಲ. ಪೀಠದಿಂದ ಪೆಟ್ಟಿಗೆಯ ಗೋಡೆಯವರೆಗೆ ಆಲಿಕೆಯ ಆಕಾರದಲ್ಲಿ ಮಣ್ಣು ಸೇರಿಸಿ. ಈಗ ಗೊಂಬೆಯನ್ನು ಮನಸ್ಸಿನಲ್ಲೇ ತಲೆಕೆಳಗು ಮಾಡಿ, ಎಲ್ಲೆಲ್ಲಿ ಗಾಳಿ ಸಿಕ್ಕಿಬೀಳಬಹುದೆಂದು ಯೋಚಿಸಿ. ರೆಸಿನ್ ಕೆಳಗಿನಿಂದ ತುಂಬುತ್ತಾ ಬಂದಾಗ, ಮೇಲೆ ದಾರಿಯಿಲ್ಲದ ಪ್ರತಿಯೊಂದು ತುದಿಯೂ ಗಾಳಿಗೂಡು. ನನ್ನ ಹುಲಿಗೆ ಅಂಥವು ಎರಡಿದ್ದವು: ಗಲ್ಲದ ಅಂಚು, ಇಳಿಬಿದ್ದ ಬಾಲದ ತುದಿ. ಬಾಲದ ತುದಿಯಿಂದ ಪೀಠದ ಕಡೆಯ ಗೋಡೆಯವರೆಗೆ ಹಿಡಿಸೂಡಿಯ ಒಂದು ಕಡ್ಡಿಯನ್ನು ಹಾಸಿಗೆಯಲ್ಲಿ ಅರ್ಧ ಹೂತಿಟ್ಟೆ. ಅದು ಬಿಟ್ಟುಹೋದ ಜಾಗವೇ ಗಾಳಿದಾರಿ. ತೆಂಗಿನ ಕಡ್ಡಿಯಷ್ಟು ನೇರವಾದ, ತುದಿಗೆ ಹೋದಂತೆ ಸಣ್ಣಗಾಗುವ ಸಲಕರಣೆ ಅಂಗಡಿಯಲ್ಲಿ ಸಿಗುವುದಿಲ್ಲ. ಗಲ್ಲಕ್ಕೆ ಬೇರೆ ಉಪಾಯವಿದೆ, ಮುಂದೆ ಹೇಳುತ್ತೇನೆ.

ಪೆಟ್ಟಿಗೆಗೆ ಫ್ಲೆಕ್ಸ್ ಅಂಗಡಿಯಲ್ಲಿ ಉಳಿಯುವ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ತುಂಡುಗಳು ಸಾಕು. ಬಿಸಿ ಗೋಂದಿನಿಂದ ಅಂಟಿಸಿ, ಮೂಲೆಗಳಿಗೆ ಹೊರಗಿನಿಂದ ಮಣ್ಣು ಮೆತ್ತಿ. ಗೊಂಬೆಯ ಸುತ್ತ ಒಂದು ಸೆಂಟಿಮೀಟರ್ ಜಾಗವಿರಲಿ. ಅದಕ್ಕಿಂತ ಹೆಚ್ಚು ಬಿಟ್ಟರೆ ಸಿಲಿಕೋನ್ ದಂಡ, ಕಡಿಮೆಯಾದರೆ ಅಚ್ಚು ಸೊಟ್ಟಗಾಗುತ್ತದೆ.

ಎಷ್ಟು ಸಿಲಿಕೋನ್?

ನನ್ನ ಪೆಟ್ಟಿಗೆಯ ಒಳ ಅಳತೆ 9 × 6 × 5 ಸೆಂಟಿಮೀಟರ್, ಅಂದರೆ 270 ಘನ ಸೆಂಟಿಮೀಟರ್. ಹಸಿ ಗೊಂಬೆಯನ್ನು ನೀರಿನಲ್ಲಿ ಮುಳುಗಿಸಿ ಗಾತ್ರ ಅಳೆಯುವಂತಿಲ್ಲ, ತೂಕದಿಂದ ಅಂದಾಜು ಮಾಡಿದೆ. ಹಸಿ ಜೇಡಿಮಣ್ಣು ಒಂದು ಘನ ಸೆಂಟಿಮೀಟರಿಗೆ ಸುಮಾರು 1.8 ಗ್ರಾಂ ತೂಗುತ್ತದೆ. ಗೊಂಬೆ 72 ಗ್ರಾಂ ಇತ್ತು, ಹಾಗಾದರೆ 40 ಘನ ಸೆಂಟಿಮೀಟರ್. ಉಳಿದ 230ಕ್ಕೆ ಸಿಲಿಕೋನ್. ಅದರ ಸಾಂದ್ರತೆ ಸುಮಾರು 1.15 ಎಂದರೆ 265 ಗ್ರಾಂ. ಲೋಟಕ್ಕೆ ಅಂಟುವುದೂ ಸೇರಿ 290 ಗ್ರಾಂ. ಒಂದೊಂದು ಹೋಳಿಗೆ 145.

ವೇಗವರ್ಧಕ ಎಷ್ಟು ಎಂಬುದು ತಯಾರಕರನ್ನು ಅವಲಂಬಿಸಿದೆ, ಡಬ್ಬಿಯ ಮೇಲಿನ ಲೆಕ್ಕವನ್ನೇ ಪಾಲಿಸಿ. ಶೇಕಡಾ 3 ಎಂದಿದ್ದರೆ 145 ಗ್ರಾಂಗೆ 4.35 ಗ್ರಾಂ. ಅಡುಗೆಮನೆಯ ತಕ್ಕಡಿ ಒಂದು ಗ್ರಾಂ ಅತ್ತಿತ್ತ ತೋರಿಸುತ್ತದೆ. ನಾಲ್ಕರಲ್ಲಿ ಒಂದು ತಪ್ಪಿದರೆ ಕಾಲು ಭಾಗವೇ ತಪ್ಪಿದಂತೆ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ ಕೊಳ್ಳಿ. ಬೇಗ ಆಗಲೆಂದು ವೇಗವರ್ಧಕ ಹೆಚ್ಚು ಹಾಕಬೇಡಿ, ಅಚ್ಚಿನ ಆಯಸ್ಸು ಕುಗ್ಗುತ್ತದೆ.

ಎರಡು ನಿಮಿಷ ನಿಧಾನವಾಗಿ ಕಲಕಿ. ಲೋಟದ ಗೋಡೆ, ತಳ ಕೆರೆದು ಕಲಕಿ. ಆಮೇಲೆ ಇನ್ನೊಂದು ಲೋಟಕ್ಕೆ ಸುರಿದು ಮತ್ತೊಂದು ನಿಮಿಷ ಕಲಕಿ. ಮೊದಲ ಲೋಟದ ಗೋಡೆಗೆ ಬೆರೆಯದೆ ಅಂಟಿಕೊಂಡಿದ್ದ ಸಿಲಿಕೋನ್ ಗೊಂಬೆಯ ಮುಖಕ್ಕೇ ಹೋಗಿ ಬೀಳುವುದನ್ನು ಈ ಲೋಟ ಬದಲಾವಣೆ ತಪ್ಪಿಸುತ್ತದೆ. ಕಲಕಿದ ಸಿಲಿಕೋನ್ ಜೋನಿ ಬೆಲ್ಲದಂತೆ ಇಳಿಯುತ್ತದೆ. ಮೊದಲು ಕುಂಚದಿಂದ ಗೊಂಬೆಯ ಮೇಲೆ ತೆಳುವಾಗಿ ಸವರಿ, ಕಣ್ಣು, ಬಾಯಿ, ಉಗುರುಗಳಿಗೆ ಒತ್ತಿ ತುಂಬಿ. ಉಳಿದದ್ದನ್ನು ಒಂದಡಿ ಎತ್ತರದಿಂದ, ಪೆಟ್ಟಿಗೆಯ ಒಂದೇ ಮೂಲೆಗೆ, ದಾರದಷ್ಟು ಸಪೂರವಾಗಿ ಬಿಡಿ. ಹಾಗೆ ಎಳೆಯಾಗಿ ಇಳಿಯುವಾಗ ಗುಳ್ಳೆಗಳು ಒಡೆಯುತ್ತವೆ. ಸಿಲಿಕೋನ್ ತಾನಾಗಿ ಹರಿದು ಗೊಂಬೆಯನ್ನು ಮುಳುಗಿಸಲಿ, ನೇರ ಅದರ ತಲೆಯ ಮೇಲೆ ಸುರಿಯಬೇಡಿ.

ಮಾರನೆಯ ದಿನ ಪೆಟ್ಟಿಗೆ ಬಿಚ್ಚಿ, ತಿರುಗಿಸಿ, ಹಾಸಿಗೆಯ ಮಣ್ಣನ್ನು ಮಾತ್ರ ತೆಗೆಯಿರಿ. ಗೊಂಬೆ ಸಿಲಿಕೋನಿನಲ್ಲಿ ಕೂತಲ್ಲೇ ಇರಲಿ, ಅಲುಗಿಸಬೇಡಿ. ಹಿಡಿಸೂಡಿ ಕಡ್ಡಿಯೂ ಅಲ್ಲೇ ಇರಲಿ. ಕಾಣುತ್ತಿರುವ ಸಿಲಿಕೋನಿನ ಮೇಲೆಲ್ಲ ಪೆಟ್ರೋಲಿಯಂ ಜೆಲ್ಲಿಯನ್ನು ಕಂಡೂ ಕಾಣದಷ್ಟು ತೆಳ್ಳಗೆ ಸವರಿ. ಸಿಲಿಕೋನ್ ಬೇರೆ ಹೆಚ್ಚಿನ ವಸ್ತುಗಳಿಗೆ ಅಂಟುವುದಿಲ್ಲ, ಆದರೆ ಸಿಲಿಕೋನಿಗೆ ಬಿಡಿಸಲಾಗದಂತೆ ಅಂಟುತ್ತದೆ. ಸವರಿದ್ದು ಹೌದೇ ಎಂದು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಮಾಸಲು ಕಂಡ ಜಾಗಕ್ಕೆ ಮತ್ತೆ ಸವರಿ. ಪೆಟ್ಟಿಗೆ ಮತ್ತೆ ಕಟ್ಟಿ ಎರಡನೆಯ ಹೋಳು ಎರೆಯಿರಿ.

ಎರಡೂ ಗಟ್ಟಿಯಾದ ಮೇಲೆ ಬಿಡಿಸಿ. ಮಣ್ಣಿನ ಹುಲಿ ಮುರಿದರೆ ಮರುಗಬೇಡಿ, ಹೆಚ್ಚಾಗಿ ಮುರಿಯುತ್ತದೆ. ಅರಗಿನ ಪೊರೆ ಸುಲಿದು ಬಕೆಟಿನ ನೀರಿಗೆ ಹಾಕಿದರೆ ಮರುದಿನ ಮತ್ತೆ ಮಣ್ಣು.

ಕೂಡಲೇ ರೆಸಿನ್ ಎರೆಯುವ ಆಸೆಯನ್ನು ತಡೆಯಿರಿ. ತವರದ ಸಿಲಿಕೋನ್ ಗಟ್ಟಿಯಾಗುವಾಗ ಒಂದಿಷ್ಟು ಆಲ್ಕೊಹಾಲ್ ಹುಟ್ಟುತ್ತದೆ. ಅದು ಹಾರಿಹೋಗದಿದ್ದರೆ ರೆಸಿನ್ನಿನ ಮೇಲ್ಮೈ ಕೆಡುತ್ತದೆ. ಹೋಳುಗಳನ್ನು ಬಿಡಿಸಿ ಎರಡು ಮೂರು ದಿನ ಗಾಳಿಗಿಡಿ, ಬಿಸಿಲಿದ್ದರೆ ಬಿಸಿಲಿಗಿಡಿ.

ಎರಕ: ಇಲ್ಲಿ ನೀರು ಶತ್ರು

ಪ್ಲಾಸ್ಟಿಕ್ ಪ್ರತಿಗಳಿಗೆ ಹೆಚ್ಚಿನವರು ಬಳಸುವುದು ಎರಡು ಭಾಗದ ಪಾಲಿಯುರೆಥೇನ್ ರೆಸಿನ್. ಮೂರರಿಂದ ಐದು ನಿಮಿಷದಲ್ಲಿ ಗಟ್ಟಿಯಾಗತೊಡಗುವ ಬಗೆ ಸಾಮಾನ್ಯ, ಅರ್ಧ ಗಂಟೆಯಲ್ಲಿ ಅಚ್ಚು ಬಿಡಿಸಬಹುದು. ಅದರ ಒಂದು ಭಾಗದಲ್ಲಿ ಐಸೊಸಯನೇಟ್ ಇದೆ. ಇದು ಇನ್ನೊಂದು ಭಾಗದೊಡನೆ ಸೇರಬೇಕಾದದ್ದು, ಆದರೆ ನೀರು ಸಿಕ್ಕರೆ ಅದನ್ನೂ ಬಿಡುವುದಿಲ್ಲ. ನೀರಿನೊಡನೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹುಟ್ಟಿ ರೆಸಿನ್ ನೊರೆಯುಕ್ಕುತ್ತದೆ. ಜುಲೈಯಲ್ಲಿ ನಾನು ಎರೆದ ಮೊದಲ ಹುಲಿ ಆಲಿಕೆಯಿಂದ ಮೇಲೆದ್ದು, ಹುದುಗಿದ ಅಪ್ಪದ ಹಿಟ್ಟಿನಂತೆ ಉಬ್ಬಿ ನಿಂತಿತ್ತು. ಕತ್ತರಿಸಿ ನೋಡಿದರೆ ಒಳಗೆಲ್ಲ ತೂತು. ಬಾಟಲಿ ತೆರೆದು ಎರಡು ತಿಂಗಳಾಗಿತ್ತು, ಮುಚ್ಚಳ ಸಡಿಲವಿತ್ತು. ತಪ್ಪು ರೆಸಿನ್ನಿನದಲ್ಲ.

ಆದ್ದರಿಂದ ಮೊದಲನೆಯದಾಗಿ ಕಾಲ ನೋಡಿ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಒಣ ದಿನಗಳು ಸಿಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರೆಯಲೇಬೇಕೆಂದಿದ್ದರೆ ಹವಾನಿಯಂತ್ರಣವಿರುವ ಕೋಣೆ ಹುಡುಕಿ; ಅದು ತಂಪು ಮಾಡುವುದರ ಜೊತೆಗೆ ಗಾಳಿಯ ನೀರನ್ನೂ ಹಿಂಡುತ್ತದೆ. ಕಿಟಕಿ ಮುಚ್ಚಿದ ಕೋಣೆಯಾದರೆ ಸಾವಯವ ಆವಿ ತಡೆಯುವ ಕಾರ್ಟ್ರಿಡ್ಜ್ ಮುಖವಾಡ ಕಡ್ಡಾಯ, ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಕೈಗೆ ನೈಟ್ರೈಲ್ ಕವಸು ಹಾಕಿ. ಅಸ್ತಮಾ ಇರುವವರು ಐಸೊಸಯನೇಟ್‌ನ ಸಹವಾಸಕ್ಕೇ ಹೋಗಬೇಡಿ.

ಎರಡನೆಯದಾಗಿ, ರೆಸಿನ್ ಮುಟ್ಟುವ ಎಲ್ಲವೂ ಒಣಗಿರಲಿ. ಕಾಗದದ ಲೋಟ, ಐಸ್‌ಕ್ರೀಂ ಕಡ್ಡಿ ಎರಡೂ ಬೇಡ. ನಮ್ಮ ಹವೆಯಲ್ಲಿ ಅವು ಸದಾ ತೇವ. ಪ್ಲಾಸ್ಟಿಕ್ ಲೋಟ, ಸ್ಟೀಲ್ ಚಮಚ ಬಳಸಿ. ಅಚ್ಚನ್ನು ಎರೆಯುವ ಮುನ್ನ ಒಂದು ಗಂಟೆ ಬಿಸಿಲಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಅಚ್ಚಿನೊಳಗೆ ಟಾಲ್ಕಂ ಪುಡಿ ಉದುರಿಸಿ, ಹೆಚ್ಚಾದುದನ್ನು ಊದದೆ ತಟ್ಟಿ ತೆಗೆಯಿರಿ, ನಿಮ್ಮ ಉಸಿರಿನಲ್ಲೂ ನೀರಿದೆ. ಪುಡಿ ರೆಸಿನ್ನನ್ನು ಮೂಲೆಗಳಿಗೆ ಎಳೆದೊಯ್ಯುತ್ತದೆ, ಗುಳ್ಳೆ ಕಡಿಮೆಯಾಗುತ್ತದೆ. ಆದರೆ ಪುಡಿಯನ್ನು ಮೊದಲು ಹಳೆಯ ಕಾವಲಿಯ ಮೇಲೆ ಬಿಸಿ ಮಾಡಿ ಆರಿಸಿಕೊಳ್ಳಬೇಕು. ದೋಸೆ ಹುಯ್ಯುವ ಕಾವಲಿ ಬೇಡ.

ಎರಡು ಹೋಳು ಸೇರಿಸಿ, ಹೊರಗೆ ಎರಡು ಸನ್‌ಬೋರ್ಡ್ ತುಂಡು ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಬಿಗಿ ಮಾಡಿದರೆ ಹುಲಿ ಚಪ್ಪಟೆಯಾಗುತ್ತದೆ, ಸಡಿಲ ಬಿಟ್ಟರೆ ಸೋರುತ್ತದೆ.

ನನ್ನ ಹುಲಿಗೆ 40 ಘನ ಸೆಂಟಿಮೀಟರ್, ಆಲಿಕೆಗೆ ಇನ್ನಷ್ಟು. 25 ಗ್ರಾಂ ಮತ್ತು 25 ಗ್ರಾಂ ಸರಿಹೋಯಿತು. ಸಮ ತೂಕವೋ ಸಮ ಅಳತೆಯೋ ಎಂಬುದನ್ನು ಬಾಟಲಿಯಲ್ಲಿ ಓದಿಕೊಳ್ಳಿ, ಎರಡೂ ಒಂದೇ ಅಲ್ಲ. ಮೂವತ್ತು ಸೆಕೆಂಡು ಕಲಕಿ. ರೆಸಿನ್ ನೀರುದೋಸೆಯ ಹಿಟ್ಟಿಗಿಂತ ತೆಳು. ಹೋಳು ಸೇರಿಸುವ ಮುನ್ನವೇ ನಾಲ್ಕು ಹನಿ ಬೆರೆಸಿ ಕುಂಚದಿಂದ ಗಲ್ಲಕ್ಕೆ, ಉಗುರುಗಳಿಗೆ ಸವರಿಟ್ಟುಕೊಂಡರೆ ಅಲ್ಲಿ ಗಾಳಿ ನಿಲ್ಲುವುದಿಲ್ಲ. ನಾನು ಹೇಳುತ್ತೇನೆಂದ ಉಪಾಯ ಇದೇ. ಉಳಿದದ್ದನ್ನು ಆಲಿಕೆಗೆ ನಿಧಾನ ಬಿಡಿ. ಅರ್ಧ ತುಂಬಿದಾಗ ಅಚ್ಚನ್ನು ಅತ್ತಿತ್ತ ಓರೆ ಮಾಡಿ, ಬೆರಳಿಂದ ಮೆಲ್ಲಗೆ ಹಿಸುಕಿ, ಮೇಜಿಗೆ ತಟ್ಟಿ. ಹಿಡಿಸೂಡಿ ಕಡ್ಡಿಯ ದಾರಿಯಲ್ಲಿ ರೆಸಿನ್ ಹನಿ ಮೇಲೆ ಬಂದು ಇಣುಕಿದರೆ ಬಾಲ ತುಂಬಿತೆಂದು ಅರ್ಥ. ಆಲಿಕೆಯ ಬಾಯಲ್ಲಿ ಜೇನಿನ ಬಣ್ಣದ ದ್ರವ ನಡುವಿನಿಂದ ಅಂಚಿನ ಕಡೆಗೆ ನೋಡನೋಡುತ್ತಲೇ ಹಾಲುಬಿಳಿಯಾಗುತ್ತದೆ. ಅದನ್ನು ನೋಡಲು ಮನೆಯ ಮಕ್ಕಳೆಲ್ಲ ಸೇರುತ್ತಾರೆ, ದೂರ ನಿಲ್ಲಿಸಿ. ಆ ಹೊತ್ತಿಗೆ ಅದು ಸಾಕಷ್ಟು ಬಿಸಿಯಾಗಿರುತ್ತದೆ.

ಬೇರೆ ರೆಸಿನ್‌ಗಳು

ಮಳೆಗಾಲಕ್ಕೆ ನನ್ನ ಆಯ್ಕೆ ಎಪಾಕ್ಸಿ. ಒಂದು ದಿನ ಕಾಯಬೇಕು, ಆದರೆ ತೇವಕ್ಕೆ ನೊರೆಯುಕ್ಕುವುದಿಲ್ಲ. ಮೇಲೆ ಮೇಣದಂಥ ಜಿಡ್ಡು ಬಂದರೆ ಬೆಚ್ಚಗಿನ ನೀರಿನಲ್ಲಿ ತೊಳೆದರೆ ಹೋಗುತ್ತದೆ.

ಫೈಬರ್ ದೋಣಿ ಕಟ್ಟುವವರು ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗ. ಆದರೆ ಅದರ ಸ್ಟೈರೀನ್ ವಾಸನೆ ಮನೆಯೊಳಗೆ ತಡೆಯಲಾಗದು, ಗಟ್ಟಿಯಾಗುವಾಗ ಚೆನ್ನಾಗಿ ಕುಗ್ಗುತ್ತದೆ, ಸಿಲಿಕೋನ್ ಅಚ್ಚನ್ನೂ ಬೇಗ ಹಾಳುಮಾಡುತ್ತದೆ. ಬಳಸುವುದೇ ಆದರೆ ಒಂದು ಮಾತು ನೆನಪಿಡಿ: ಅದರ ಕೋಬಾಲ್ಟ್ ದ್ರವವನ್ನೂ ಪೆರಾಕ್ಸೈಡ್ ಗಟ್ಟಿಕಾರಕವನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲಷ್ಟೇ ಇನ್ನೊಂದು.

ಬಣ್ಣಕ್ಕೆ ಮುನ್ನ

ಬಿಡಿಸಿದ ಹುಲಿಗೆ ಕೂಡುಗೆರೆಯುದ್ದಕ್ಕೂ ತೆಳು ರೆಕ್ಕೆ ಇರುತ್ತದೆ. ಬಿಸಿ ಆರುವ ಮುನ್ನ ಬ್ಲೇಡಿನಿಂದ ಕೆರೆದರೆ ಸಲೀಸು. ಆಮೇಲೆ 220, 400 ನಂಬರಿನ ಮರಳುಕಾಗದವನ್ನು ನೀರು ಹಚ್ಚಿ ಉಜ್ಜಿ. ಒಣ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲ. ಸೋಪು ನೀರಿನಲ್ಲಿ ತೊಳೆದು ಟಾಲ್ಕ್, ಜೆಲ್ಲಿ ಹೋಗಿಸಿ, ಪ್ರೈಮರ್ ಹೊಡೆದು, ಅಕ್ರಿಲಿಕ್ ಬಣ್ಣ ಬಳಿಯಿರಿ. ಹಳದಿ ಪೂರ್ತಿ ಒಣಗುವ ಮುನ್ನ ಕಪ್ಪು ಪಟ್ಟೆ ಎಳೆಯಲು ಹೋದರೆ ಹುಲಿ ಹಸಿರಾಗುತ್ತದೆ. ನನ್ನದೊಂದು ಈಗಲೂ ಹಾಗೇ ಇದೆ.

ಒಂದು ಮಾತು ಸೇರಿಸುತ್ತೇನೆ. ಹುಲಿವೇಷ ಬೀದಿಯದು, ಎಷ್ಟು ಪ್ರತಿ ಬೇಕಾದರೂ ತೆಗೆಯಿರಿ. ಭೂತಕೋಲದ ದೈವದ ಮೊಗಕ್ಕೆ, ಅಂದರೆ ಮುಖವಾಡಕ್ಕೆ, ಅಚ್ಚು ಹಾಕಿಕೊಡಿ ಎಂದು ಒಬ್ಬರು ಕೇಳಿದ್ದರು. ನಾನು ಒಪ್ಪಲಿಲ್ಲ.

ಎತ್ತಿಡುವುದು

ನನ್ನ ಅಚ್ಚಿನಿಂದ ಇದುವರೆಗೆ ಇಪ್ಪತ್ತಾರು ಹುಲಿ ಬಂದಿವೆ, ಕಂಕುಳಿನ ಹತ್ತಿರ ಈಗ ಸಣ್ಣ ಹರುಕು ಕಾಣಿಸಿಕೊಂಡಿದೆ. ಖಾಲಿ ಅಚ್ಚು ಕಾಲಕ್ರಮದಲ್ಲಿ ಸೊಟ್ಟಗಾಗುತ್ತದೆ, ಹಾಗಾಗಿ ಒಳಗೊಂದು ಪ್ರತಿ ಇಟ್ಟು, ಬ್ಯಾಂಡ್ ಬಿಚ್ಚಿ, ಮೇಲೆ ಭಾರವಿಡದೆ ಡಬ್ಬಿಯಲ್ಲಿ ಇಡಿ. ಉಳಿದ ರೆಸಿನ್ನನ್ನು ಚರಂಡಿಗೆ ಚೆಲ್ಲಬೇಡಿ. ಎರಡೂ ಭಾಗ ಬೆರೆಸಿ ಗಟ್ಟಿ ಮಾಡಿ ಎಸೆಯಿರಿ. ಬಾಟಲಿಗಳನ್ನು ಮುಚ್ಚುವ ಮುನ್ನ ಕತ್ತಿನ ತಿರುಪಿನ ಗೆರೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಒರೆಸದಿದ್ದರೆ ಗಾಳಿಯ ನೀರು ಕುಡಿದ ಐಸೊಸಯನೇಟ್ ಮುಚ್ಚಳವನ್ನೇ ಬಾಟಲಿಗೆ ಬೆಸೆದುಬಿಡುತ್ತದೆ, ಮುಂದಿನ ಸಲ ಇಕ್ಕಳ ಹುಡುಕಬೇಕಾಗುತ್ತದೆ. ಎರಡೂ ಬಾಟಲಿಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ತೆರೆದ ದಿನಾಂಕವನ್ನು ಮೇಲೆ ಬರೆದಿಡಿ.